ಇಂಡೋನೇಷ್ಯಾದ ಪಂಕ್ ಯುವಕರನ್ನು ಬದಲಿಸಿದ್ದು ಯಾವುದು?

ಪ್ರಶ್ನೆ: ಇಂಡೋನೇಷ್ಯಾದಲ್ಲಿ ಪೊಲೀಸರು ಪಂಕ್ ಯುವಕರ ತಲೆ ಬೋಳಿಸಿ ನೀರಿಗಿಳಿಸಿದ ಚಿತ್ರಗಳನ್ನು ನೋಡಿದ್ದೇನೆ. ಇಸ್ಲಾಮೀ ಸಂಪ್ರದಾಯವಾದ ಬಲಗೊಂಡಂತೆ ಅಲ್ಲಿ ಪಂಕ್ ಅಳಿದುಹೋಯಿತೇ?

ಉತ್ತರ: ಅಬ್ಬರದ ರಾಕ್ ಸಂಗೀತದ ಸುತ್ತ ಬೆಳೆದ ಬಂಡಾಯದ ಯುವ ಸಂಸ್ಕೃತಿಯಾದ ಪಂಕ್ ಅಲ್ಲಿ ಅಳಿಯಲಿಲ್ಲ. ಬದಲಾಗಿರುವುದು ನಿಜ, ಆದರೆ ಆ ಬದಲಾವಣೆಯ ಬಹುಪಾಲು ಪೊಲೀಸರ ಕತ್ತರಿಯಿಂದ ಆದದ್ದಲ್ಲ.

ಆ ಚಿತ್ರಗಳು 2011ರ ಡಿಸೆಂಬರ್ ತಿಂಗಳಿನವು. ಸುಮಾತ್ರಾ ದ್ವೀಪದ ಉತ್ತರ ತುದಿಯ ಅಚೆ ಪ್ರಾಂತ್ಯದ ರಾಜಧಾನಿ ಬಂದಾ ಅಚೆಯಲ್ಲಿ, ಅನಾಥ ಮಕ್ಕಳ ಸಹಾಯಾರ್ಥ ನಡೆಯುತ್ತಿದ್ದ ಸಂಗೀತ ಕಾರ್ಯಕ್ರಮಕ್ಕೆ ನುಗ್ಗಿದ ಪೊಲೀಸರು ಅರವತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದೊಯ್ದು, ಹುಡುಗರ ತಲೆ ಬೋಳಿಸಿ, ಹುಡುಗಿಯರ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಪೊಲೀಸ್ ತರಬೇತಿ ಶಾಲೆಯಲ್ಲಿ ಹತ್ತು ದಿನ ಕವಾಯತು ಮತ್ತು ಪ್ರಾರ್ಥನೆಯ ‘ಶಿಕ್ಷಣ’ ಕೊಟ್ಟರು. ಅವರ ಮೇಲೆ ಯಾವ ಅಪರಾಧವನ್ನೂ ಹೊರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಇಡೀ ಇಂಡೋನೇಷ್ಯಾದಲ್ಲಿ ಷರಿಯಾವನ್ನು ಅಪರಾಧ ಕಾನೂನಾಗಿ ಜಾರಿಗೊಳಿಸುವ ಅಧಿಕಾರವಿರುವುದು ಅಚೆಗೆ ಮಾತ್ರ. ಪ್ರತ್ಯೇಕತಾವಾದಿ ಯುದ್ಧವನ್ನು ತಣಿಸಲೆಂದು ಕೇಂದ್ರ ಸರ್ಕಾರ 2001ರಲ್ಲಿ ನೀಡಿದ ವಿಶೇಷ ಸ್ವಾಯತ್ತತೆಯ ಭಾಗವದು. ಹೀಗಾಗಿ ಅಚೆಯ ಅನುಭವವನ್ನು ಇಡೀ ದೇಶಕ್ಕೆ ಅನ್ವಯಿಸುವುದು ತಪ್ಪಾಗುತ್ತದೆ.

ಜಕಾರ್ತ ನಗರವಿರುವ ಜಾವಾ ದ್ವೀಪದ ಕಥೆ ಬೇರೆ. ಮೂರು ದಶಕ ದೇಶವನ್ನಾಳಿದ ಅಧ್ಯಕ್ಷ ಸುಹಾರ್ತೊ ಅವರ ಆಡಳಿತ ಬೀದಿಯ ಪ್ರತಿಭಟನೆಯನ್ನು ಸಹಿಸದಂತೆಯೇ ರಾಜಕೀಯ ಇಸ್ಲಾಮನ್ನೂ ಸಹಿಸುತ್ತಿರಲಿಲ್ಲ. 1985ರ ಕಾನೂನು ಧಾರ್ಮಿಕ ಸಂಘಟನೆಗಳೂ ಸೇರಿದಂತೆ ಎಲ್ಲ ಸಂಘಟನೆಗಳೂ ದೇಶದ ಅಧಿಕೃತ ಐದು ತತ್ವಗಳಾದ ‘ಪಂಚಸೀಲ’ವನ್ನೇ ಏಕೈಕ ತಳಹದಿಯಾಗಿ ಒಪ್ಪಬೇಕೆಂದು ವಿಧಿಸಿತ್ತು. 1998ರ ಮೇ ತಿಂಗಳಿನಲ್ಲಿ ಸುಹಾರ್ತೊ ಪದತ್ಯಾಗ ಮಾಡಿದಾಗ ತೆರೆದ ಬಾಗಿಲಿನಿಂದ ಪಂಕ್ ಗುಂಪುಗಳೂ ಧರ್ಮಪ್ರಚಾರದ ಗುಂಪುಗಳೂ ಒಟ್ಟಿಗೇ ಬೀದಿಗೆ ಬಂದವು. ಸಿಗ್ನಲ್‌ಗಳಲ್ಲಿ, ಬಸ್ಸುಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದ ಪಂಕ್ ಹುಡುಗರನ್ನು ಪ್ರಚಾರಕರು ಭೇಟಿಯಾದದ್ದು ಆ ಬೀದಿಯಲ್ಲಿಯೇ.

ಜಕಾರ್ತದಲ್ಲಿ 2007ರಲ್ಲಿ ಹುಟ್ಟಿದ ‘ಪಂಕ್ ಮುಸ್ಲಿಂ’ ಎಂಬ ಗುಂಪು ಪಂಕ್ ಸಂಗೀತವನ್ನು ಬಿಡದೆಯೇ ಕುರಾನ್ ಪಾಠ ನಡೆಸಿತು. ಅನಂತರ ಬಂದ ‘ತಸವುಫ್ ಅಂಡರ್‌ಗ್ರೌಂಡ್’ ಸೂಫಿ ಮಾರ್ಗದ್ದಾಗಿದ್ದು, ಬೀದಿಯ ಹುಡುಗರಿದ್ದಲ್ಲಿಗೇ ಹೋಗಿ ಪಾಠ ಹೇಳಿತು. ಪ್ರವಾದಿಯವರ ಮದೀನಾ ಪ್ರಯಾಣವನ್ನು ಸೂಚಿಸುವ ‘ಹಿಜ್ರಾ’ ಎಂಬ ಪದ ಇಂದು ಅಲ್ಲಿ ಹಳೆಯ ಬದುಕನ್ನು ತೊರೆದು ಶ್ರದ್ಧೆಯತ್ತ ಹೊರಳುವುದಕ್ಕೆ ಹೆಸರಾಗಿದೆ. ಕುರಾನಿನ ಅಧ್ಯಾಯವೊಂದನ್ನು ಬಾಯಿಪಾಠ ಮಾಡಿದವರ ಹಚ್ಚೆಯನ್ನು ಉಚಿತವಾಗಿ ಅಳಿಸಿಕೊಡುವ ಶಿಬಿರಗಳೂ ನಡೆದಿವೆ.

ಇದನ್ನು ಪಂಕ್‌ನ ಸೋಲು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಬೀದಿಯಲ್ಲಿ ಬೆಳೆದ ಹುಡುಗನಿಗೆ ಊಟ, ಅಕ್ಷರ, ಜೊತೆ ಸಿಕ್ಕರೆ ಅವನು ಅತ್ತ ವಾಲುವುದು ಸಹಜ, ಮತ್ತು ಆ ಆಯ್ಕೆ ಅವನದೇ. ಅಚೆಯಲ್ಲಿ ಇಲ್ಲದೇ ಹೋದದ್ದು ಈ ಆಯ್ಕೆ. ಹಾಗೆಂದು ಎಲ್ಲರೂ ವಾಲಿದರೆಂದಲ್ಲ: 1990ರ ದಶಕದಲ್ಲಿ ಆರಂಭವಾದ ಮಾರ್ಜಿನಲ್ ಎಂಬ ಪಂಕ್ ಸಂಗೀತ ತಂಡದ ಸಮುದಾಯ ದಕ್ಷಿಣ ಜಕಾರ್ತದ ಮನೆಯೊಂದರಲ್ಲಿ ಬೀದಿ ಮಕ್ಕಳಿಗೆ ಮರಗೆತ್ತನೆಯ ಅಚ್ಚುಚಿತ್ರಕಲೆಯನ್ನೂ ಸಂಗೀತವನ್ನೂ ಕಲಿಸುತ್ತ ಬಂದಿದೆ, ಮತ್ತು ಮುಸ್ಲಿಂ ಬಹುಸಂಖ್ಯಾತ ದೇಶದಲ್ಲಿಯೂ ಆ ಸಮುದಾಯ ತನಗಿಟ್ಟುಕೊಂಡ ಹೆಸರು ‘ತಾರಿಂಗ್ ಬಾಬಿ’, ಅಂದರೆ ಹಂದಿಯ ಕೋರೆಹಲ್ಲು.