ಸೂರಿನ ಮೇಲಿನ ಶೀಟು, ಭಾನುವಾರದ ಗ್ರೈಂಡರ್

ಮೇ ತಿಂಗಳು ಬಂತು ಅಂದರೆ ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರ ಕಣ್ಣೂ ಸೂರಿನ ಮೇಲೆ. ಹೋದ ವರ್ಷ ಎಲ್ಲಿ ಸೋರಿತ್ತು, ಯಾವ ಶೀಟು ಬಿರುಕು ಬಿಟ್ಟಿದೆ, ಯಾವ ಬೋಲ್ಟಿನ ವಾಷರ್ ಹೋಗಿದೆ. ಕೆಲಸದವರು ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ. ಹಾಗಾಗಿ ಭಾನುವಾರ ಏಣಿ ಹಾಕಿ ನಾವೇ ಹತ್ತುತ್ತೇವೆ. ಮನೆಗೊಂದು ಶೀಟು ಕೊಯ್ಯುವ ಗ್ರೈಂಡರ್ ಬಂದ ಮೇಲಂತೂ ಎಲ್ಲರೂ ಮೇಸ್ತ್ರಿಗಳೇ.

ಆಸ್ಬೆಸ್ಟಾಸ್ ಬೆರೆತ ಈ ಸಿಮೆಂಟ್ ಶೀಟಿನ ಬಗ್ಗೆ ಎರಡು ಥರದ ಮಾತು ಕಿವಿಗೆ ಬೀಳುತ್ತದೆ. ‘ಅದರ ಕೆಳಗೆ ಮಲಗಿದರೇ ಕ್ಯಾನ್ಸರ್’ ಅನ್ನುವವರು ಕೆಲವರು. ‘ನಲವತ್ತು ವರ್ಷದಿಂದ ಇದೇ ಸೂರಿನ ಕೆಳಗಿದ್ದೇವೆ, ಏನಾಗಿದೆ?’ ಅನ್ನುವವರು ಇನ್ನು ಕೆಲವರು. ಇಬ್ಬರದ್ದೂ ಅರ್ಧರ್ಧ ಸರಿ. ಇಷ್ಟು ಗೋಜಲು ಯಾಕಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನುತ್ತೇವೆ. ಕಲ್ಲಿನೊಳಗಿನ ನಾರು, ಅಷ್ಟೇ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ. ಹೊಳೆನರಸೀಪುರದ ಸುತ್ತಿನ ಹಳೇ ಬಂಡೆಗಳಲ್ಲೂ ಇದು ಇದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ ಸಿಮೆಂಟಿಗೆ ಈ ನಾರು ಬೆರೆಸಿ ತೆಳ್ಳನೆಯ ಹಲಗೆ ಮಾಡಿದ. 1930ರ ದಶಕದಲ್ಲಿ ನಮ್ಮ ದೇಶದಲ್ಲೂ ಕಾರ್ಖಾನೆ ಬಂತು. ಆಮೇಲೆ ಗೋಡೌನು, ರೈಲ್ವೆ ಶೆಡ್ಡು, ಶಾಲೆ ಅಂತ ಹರಡುತ್ತಾ ಹೋಯಿತು.

ನಮ್ಮ ಮನೆಗೆ ಅದು ಬಂದದ್ದು 1987ರಲ್ಲಿ. ಅಲ್ಲಿಯವರೆಗೆ ಮಂಗಳೂರು ಹೆಂಚು. ಹೆಂಚು ತಂಪು, ನೋಡಲು ಚಂದ, ಎಲ್ಲ ಸರಿ. ಆದರೆ ವರ್ಷ ವರ್ಷ ಕೈಯಾಡಿಸಬೇಕು, ರೀಪಿಗೆ ಗೆದ್ದಲು ಹಿಡಿಯುತ್ತದೆ, ಮೇಲಿಂದ ಕೋತಿಗಳ ಹಿಂಡು ಒಂದು ಸಲ ಓಡಿತು ಅಂದರೆ ಇಪ್ಪತ್ತು ಹೆಂಚು ಚೂರು, ಅದೂ ಜೋರು ಮಳೆಯ ನಡುವೆ. ತಗಡು ಹಾಕೋಣ ಅಂದರೆ ಆಷಾಢದ ಮಳೆಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಜೊತೆಗೆ ತುಕ್ಕು. ಆಗ ಸಿಮೆಂಟ್ ಶೀಟು ವರ ಸಿಕ್ಕಂತೆ ಸಿಕ್ಕಿತು. ಮೊದಲು ಕೊಟ್ಟಿಗೆಗೆ, ಆಮೇಲೆ ಬಚ್ಚಲಿಗೆ, ಕೊನೆಗೆ ಅಡುಗೆಮನೆಗೂ. ತೋಟದ ಕೂಲಿಯವರ ಲೈನ್ ಮನೆಗಳಿಗಂತೂ ಸಾಲು ಸಾಲಾಗಿ ಅದೇ. ಕೊಂಡವರನ್ನು ದೂರುವ ಹಾಗಿಲ್ಲ, ನಾನಾಗಿದ್ದರೂ ಅದನ್ನೇ ತರುತ್ತಿದ್ದೆ.

ಬಚ್ಚಲೊಲೆಯ ಹೊಗೆ ಕೊಳವೆಗೆ ಅಪ್ಪ ಹ್ಯಾಕ್ಸಾ ಬ್ಲೇಡಿನಲ್ಲಿ ಶೀಟು ಕೊಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಿಳಿ ಹುಡಿ ಸುರಿದು ಅವರ ಮೀಸೆ, ಹುಬ್ಬು ಎಲ್ಲ ಬೂದಿ ಬಣ್ಣ. ನಾವು ಮಕ್ಕಳು ನಕ್ಕೆವು. ಹಂಡೆಯ ನೀರಿನ ಮೇಲೆ ಕೆನೆ ಕಟ್ಟಿದಂತೆ ಹುಡಿ ನಿಂತಿತ್ತು. ಅಜ್ಜಿ ಅಂಗೈಯಲ್ಲಿ ಅದನ್ನು ಸರಿಸಿ ನೀರು ತೋಡಿಕೊಂಡರು. ಮಿಕ್ಕ ಚೂರುಗಳನ್ನು ಅಂಗಳದ ಕೆಸರಿಗೆ ಹಾಸಿದೆವು.

ಅಷ್ಟರಲ್ಲಿ ದೆಹಲಿಯಲ್ಲಿ ಬೇರೆ ಲೆಕ್ಕ ನಡೆದಿತ್ತು. 1986ರಿಂದ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದು ನಿಂತಿತ್ತು. ಹೊರಗಿಂದ ತರುವುದು ಮಾತ್ರ ನಿಲ್ಲಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ತೀರ್ಪು ಕೊಟ್ಟಿತು: ಆರೋಗ್ಯ ಅನ್ನುವುದು ಕಲ್ನಾರು ಕೆಲಸದ ಕಾರ್ಮಿಕರ ಮೂಲಭೂತ ಹಕ್ಕು, ಅವರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಲ್ಲಿಂದ 40 ವರ್ಷ ಇಡಬೇಕು ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ. 40 ವರ್ಷ ಯಾಕೆ ಅಂದರೆ ಈ ರೋಗಗಳು ಬರುವುದೇ ಹಾಗೆ. ನಾರು ಒಳಗೆ ಹೋದ 20, 30, 40 ವರ್ಷಕ್ಕೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಇಲ್ಲವೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು. ಬ್ರಿಟನ್ 1999ರಲ್ಲಿ, ಯುರೋಪ್ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿದವು. ನಮ್ಮಲ್ಲಿ ನಿಷೇಧಿಸಿ ಅಂತ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ.

ಶೀಟಿಗೆ ಬಳಸುವ ಬಿಳಿ ಬಗೆಯ ಕಲ್ನಾರನ್ನು ಸಿಮೆಂಟು ಹಿಡಿದಿಟ್ಟಿರುತ್ತದೆ, ಎಚ್ಚರದಿಂದ ಬಳಸಿದರೆ ತೊಂದರೆಯಿಲ್ಲ ಅನ್ನುವುದು ಇಲ್ಲಿನ ಕಾರ್ಖಾನೆಯವರ ವಾದ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸರಿ, ಎಚ್ಚರ ಅನ್ನುವುದು ಕಾರ್ಖಾನೆಯ ಗೋಡೆಯೊಳಗೆ ಸಾಧ್ಯವೇ ಇರಬಹುದು. ಲುಂಗಿ ಎತ್ತಿ ಕಟ್ಟಿ, ಮೂಗಿಗೆ ಟವೆಲ್ ಸುತ್ತಿಕೊಂಡು ಏಣಿ ಹತ್ತಿದವನಿಗೆ ಆ ಎಚ್ಚರವನ್ನು ಯಾರು ಹೇಳಿಕೊಟ್ಟರು?

ಶೀಟು ಗಟ್ಟಿಯಾಗಿದ್ದು, ಅದರ ಪಾಡಿಗೆ ಅದಿದ್ದರೆ ಅಪಾಯ ಕಡಿಮೆಯೇ. ಕೊಯ್ದಾಗ, ಒಡೆದಾಗ, ಉಜ್ಜಿದಾಗ ನಾರು ಹಾರುತ್ತದೆ. ಅದು ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಅಪ್ಪನ ಹ್ಯಾಕ್ಸಾಗಿಂತ ನಮ್ಮ ಗ್ರೈಂಡರ್ ಎಬ್ಬಿಸುವ ದೂಳು ಎಷ್ಟೋ ಜಾಸ್ತಿ, ಎಷ್ಟೋ ನುಣ್ಣನೆಯದು. ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ವರ್ಷಗಟ್ಟಲೆ ಮಳೆ ತಿಂದ ಶೀಟಿನ ಮೇಲ್ಪದರದ ಸಿಮೆಂಟು ತೊಳೆದುಹೋಗಿ ನಾರು ಹೊರಗೆ ಬಂದಿರುತ್ತದೆ. ಅದರ ಮೇಲೆ ಪಾಚಿ. ಪಾಚಿ ಕೆರೆಯಲು ನಾವು ಹಿಡಿಯುವುದು ತಂತಿ ಬ್ರಷ್ಷು, ಇಲ್ಲವೇ ಕಾರು ತೊಳೆಯುವ ಪ್ರೆಶರ್ ಪಂಪು. ಎರಡೂ ಬೇಡ.

ಮುಟ್ಟಲೇಬೇಕು ಅಂದರೆ ಮೊದಲು ಚೆನ್ನಾಗಿ ನೀರು ಚಿಮುಕಿಸಬೇಕು, ಬಕೆಟ್ಟಿಗೆ ಒಂದಿಷ್ಟು ಪಾತ್ರೆ ಸೋಪು ಬೆರೆಸಿದರೆ ಇನ್ನೂ ಒಳ್ಳೆಯದು. ಸುತ್ತಿಗೆಯಲ್ಲಿ ಒಡೆಯುವ ಬದಲು ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು. ಹಳೇ ಶೀಟಿನ ಮೇಲೆ ಕಾಲಿಡಬೇಡಿ, ಅದು ಮುರಿದು ಕೆಳಗೆ ಬಿದ್ದವರು ನಮ್ಮೂರಲ್ಲೇ ಇದ್ದಾರೆ. ಟವೆಲ್ಲಾಗಲಿ ನೀಲಿ ಬಟ್ಟೆಯ ಮಾಸ್ಕಾಗಲಿ ಈ ನಾರನ್ನು ತಡೆಯುವುದಿಲ್ಲ, ನುಣ್ಣನೆ ದೂಳು ಸೋಸುವ ಫಿಲ್ಟರ್ ಮಾಸ್ಕೇ ಬೇಕು. ಬಿದ್ದ ಹುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಎಸೆಯಿರಿ. ತೊಟ್ಟ ಅಂಗಿಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ. ಕಲ್ನಾರಿಲ್ಲದ ಸಿಮೆಂಟ್ ಶೀಟೂ ಈಗ ಸಿಗುತ್ತದೆ, ಆದರೆ ಹಳೆಯದನ್ನು ನೋಡಿ ಯಾವುದು ಯಾವುದು ಅಂತ ಹೇಳಲಾಗದು. ಹಾಗಾಗಿ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಜಾಣತನ.

ಹೋದ ಬೇಸಿಗೆಯಲ್ಲಿ ನಾನೂ ಬಚ್ಚಲಿನ ಹನ್ನೊಂದು ಶೀಟು ಹೀಗೇ ಇಳಿಸಿದೆ. ಒಂದೂ ಒಡೆಯಲಿಲ್ಲ. ದಪ್ಪ ಪ್ಲಾಸ್ಟಿಕ್ ಸುತ್ತಿ ಕಾಫಿ ಕಣದ ಹಿಂದೆ ಒರಗಿಸಿಟ್ಟೆ. ಎಲ್ಲಿಗೆ ಕೊಡಬೇಕು ಅಂತ ಪಂಚಾಯಿತಿಯಲ್ಲಿ ಕೇಳಿದರೆ ‘ಗುಂಡಿಗೆ ತುಂಬಿಸಿಬಿಡಿ’ ಅಂದರು. ಗುಜರಿಯವನು ಮುಟ್ಟಲಿಲ್ಲ. ಮೊನ್ನೆ ಪಕ್ಕದ ತೋಟದವರು ಬಂದು ಕಣ್ಣು ಹಾಯಿಸಿ, ‘ಗಟ್ಟಿ ಇದಾವಲ್ಲ, ಸುಮ್ನೆ ಯಾಕೆ ಇಟ್ಟಿದ್ದೀರಾ, ಕೋಳಿ ಗೂಡಿಗೆ ನಾಲ್ಕು ಕೊಡಿ, ನಾನೇ ಕೊಯ್ದುಕೊಳ್ತೀನಿ’ ಅಂದರು.