ಜೌಗು ನೆಲದ ಇಂಗಾಲ: ಪೀಟ್ ಸಂಶೋಧನೆ ನಡೆದು ಬಂದ ದಾರಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಸುವುದು ಹಳೆಯ ವಾಡಿಕೆ. ಆ ಗೋಡಿನಲ್ಲಿ ಜೇಡಿಯೇ ಹೆಚ್ಚು, ಸಸ್ಯಾಂಶ ಕಡಿಮೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಜೊಂಡು, ನೀರು ಇಳಿದ ಮೇಲೆ ಗಾಳಿ ಬಿಸಿಲಿಗೆ ಸಿಕ್ಕಿ ಕೊಳೆಯುತ್ತದೆ. ಅದರೊಳಗಿದ್ದ ಇಂಗಾಲದ ಬಹುಭಾಗ ಗಾಳಿಗೆ ಮರಳುತ್ತದೆ. ಪದೇ ಪದೇ ಒಣಗುವ ನೆಲದಲ್ಲಿ ಸಸ್ಯಾವಶೇಷ ಉಳಿಯುವುದಿಲ್ಲ. ವರ್ಷವಿಡೀ, ಶತಮಾನಗಳುದ್ದಕ್ಕೂ ನೀರು ನಿಂತಿರುವ ಜೌಗಿನಲ್ಲಿ ಮಾತ್ರ ಅದು ಅರೆಕೊಳೆತು, ಪದರದ ಮೇಲೆ ಪದರವಾಗಿ ಕೂತು, ಪೀಟ್ ಎಂಬ ಕಂದು ಮಣ್ಣಾಗುತ್ತದೆ. ಅದು ಬೆಳೆಯುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಪೀಟ್ ಎಂದರೆ ಸಾವಿರ ವರ್ಷದ ಲೆಕ್ಕ.

ಇಂಥ ನೆಲ ಭೂಭಾಗದ ಸುಮಾರು ಶೇ 3ರಷ್ಟು ಮಾತ್ರ. ಆದರೂ ಅದರಲ್ಲಿ ಐವತ್ತು ಸಾವಿರ ಕೋಟಿ ಟನ್ನಿಗೂ ಹೆಚ್ಚು ಇಂಗಾಲವಿದೆ ಎಂಬುದು ಈಗಿನ ಅಂದಾಜು. ಜಗತ್ತಿನ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಇದು ಹೆಚ್ಚು. ಈ ಅರಿವು ಬಂದದ್ದು ತೀರ ಈಚೆಗೆ. ಅದಕ್ಕೂ ಮುಂಚೆ ಯುರೋಪಿನ ಪಾಲಿಗೆ ಪೀಟ್ ನೆಲವೆಂದರೆ ಒಲೆಗೆ ಉರುವಲು ಕಡಿಯುವ ಜಾಗ, ಇಲ್ಲವೇ ನೀರು ಬಸಿದು ಬೇಸಾಯಕ್ಕೆ ತರಬೇಕಾದ ಬೀಳು. ಬಸಿದ ಫಲವನ್ನು ಇಂಗ್ಲೆಂಡಿನ ಹೋಮ್ ಫೆನ್‌ನಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಅಲ್ಲಿ 1851ರ ಸುಮಾರಿಗೆ ಪಕ್ಕದ ಸರೋವರವನ್ನು ಬರಿದು ಮಾಡಿದಾಗ, ತುದಿ ನೆಲಮಟ್ಟಕ್ಕೆ ಬರುವಂತೆ ಒಂದು ಕಬ್ಬಿಣದ ಕಂಬ ಹೂಳಿದರು. ಈಗ ಅದು ನೆಲದ ಮೇಲೆ ಸುಮಾರು 4 ಮೀಟರ್ ಎದ್ದು ನಿಂತಿದೆ. ಕಂಬವೇನೂ ಮೇಲೇರಿಲ್ಲ. ನೀರು ಹೋದ ಪೀಟ್ ಮೊದಲು ಕುಗ್ಗಿ, ಆಮೇಲೆ ಗಾಳಿಯೊಡನೆ ಬೆರೆತು ಕರಗುತ್ತಾ ಹೋಯಿತು.

ವಿಜ್ಞಾನಿಗಳನ್ನು ಮೊದಲು ಸೆಳೆದದ್ದು ಈ ನಷ್ಟವಲ್ಲ, ಪೀಟಿನೊಳಗೆ ಹುದುಗಿದ್ದ ಚರಿತ್ರೆ. ನಾರ್ವೆಯ ಆಕ್ಸೆಲ್ ಬ್ಲಿಟ್ 1876ರಲ್ಲಿ, ಪೀಟಿನ ಪದರಗಳು ಒಣ ಹಾಗೂ ತೇವದ ಯುಗಗಳನ್ನು ಸೂಚಿಸುತ್ತವೆ ಎಂದು ವಾದಿಸಿದರು. 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫೊನ್ ಪೋಸ್ಟ್, ಪದರಗಳಲ್ಲಿ ಉಳಿದ ಪರಾಗರೇಣುಗಳನ್ನು ಎಣಿಸಿ ಹಳೆಯ ಕಾಡುಗಳ ಸ್ವರೂಪ ತಿಳಿಯುವ ವಿಧಾನವನ್ನು ಮಂಡಿಸಿದರು. ಆಮ್ಲಜನಕವಿಲ್ಲದ ಹುಳಿ ನೀರು ಪರಾಗವನ್ನಷ್ಟೇ ಕಾಪಾಡುವುದಿಲ್ಲ. 1950ರಲ್ಲಿ ಡೆನ್ಮಾರ್ಕಿನಲ್ಲಿ ಉರುವಲಿಗೆಂದು ಪೀಟ್ ಕಡಿಯುತ್ತಿದ್ದವರಿಗೆ ಶವವೊಂದು ಸಿಕ್ಕಿತು. ಚರ್ಮ, ಮುಖ ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ ಇತ್ತೀಚಿನ ಕೊಲೆಯಿರಬೇಕೆಂದು ಪೊಲೀಸರನ್ನು ಕರೆಸಿದರು. ಆ ಮನುಷ್ಯ ಸತ್ತು ಎರಡು ಸಾವಿರ ವರ್ಷಕ್ಕೂ ಹೆಚ್ಚಾಗಿತ್ತು.

ದಕ್ಷಿಣ ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಪೀಟ್ ಎಂದರೆ ಶೀತದೇಶದ ಸರಕೆಂದು ಅನೇಕರು ತಿಳಿದಿದ್ದಾರೆ, ಆದರೆ ನೀಲಗಿರಿಯ ಶೋಲಾ ಕಾಡು, ಹುಲ್ಲುಗಾವಲುಗಳ ನಡುವಿನ ತಗ್ಗುಗಳಲ್ಲೂ ಅದಿದೆ. ಆನೆಗಳ ಅಧ್ಯಯನಕ್ಕೆ ಹೆಸರಾದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಪೀಟನ್ನು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಉಪಾಯ ಸರಳವಾದದ್ದು. ಬಿಸಿಲುನಾಡಿನ ಹುಲ್ಲುಗಳಲ್ಲಿ ಅನೇಕವು ಇಂಗಾಲವನ್ನು ಹೀರಿಕೊಳ್ಳುವ ರೀತಿ ಮರಗಿಡಗಳ ರೀತಿಗಿಂತ ಬೇರೆ. ಆದ್ದರಿಂದ ಇಂಗಾಲ-13 ಎಂಬ ಭಾರದ ಇಂಗಾಲದ ಪ್ರಮಾಣ ಎರಡರಲ್ಲೂ ಬೇರೆಯಾಗಿರುತ್ತದೆ, ಆ ಗುರುತು ಪೀಟಿನಲ್ಲಿ ಅಳಿಯದೆ ಉಳಿಯುತ್ತದೆ. ಪದರ ಪದರವಾಗಿ ಅದನ್ನು ಅಳೆದಾಗ, ಸುಮಾರು 20 ಸಾವಿರ ವರ್ಷಗಳಲ್ಲಿ ಒಣ ಹವೆಯ ಕಾಲಕ್ಕೆ ಇಂಥ ಹುಲ್ಲು ಹಬ್ಬಿದ್ದೂ, ಮುಂಗಾರು ಬಲಗೊಂಡಾಗ ಅದು ಹಿಂದೆ ಸರಿದದ್ದೂ ತಿಳಿಯಿತು. ಮಳೆಯ ಏರಿಳಿತದ ಮೇಲೆಯೇ ಬಾಳು ನಿಂತ ನಮ್ಮ ಜಿಲ್ಲೆಗಳವರಿಗೆ ಈ ದಾಖಲೆ ಡೆನ್ಮಾರ್ಕಿನ ಶವಕ್ಕಿಂತ ಹತ್ತಿರದ್ದು.

ಪೀಟ್ ಹವಾಮಾನದ ದಾಖಲೆ ಮಾತ್ರವಲ್ಲ, ಹವಾಮಾನವನ್ನೇ ಕೆಡಿಸಬಲ್ಲ ದಾಸ್ತಾನು ಎಂಬುದನ್ನು ಜಗತ್ತಿನ ಕಣ್ಣಿಗೆ ಕಟ್ಟಿದ್ದು ಇಂಡೋನೇಷ್ಯಾದ ಅನುಭವ. 1990ರ ದಶಕದ ನಡುವಿನಲ್ಲಿ ಅಲ್ಲಿನ ಸರಕಾರ ಮಧ್ಯ ಕಾಲಿಮಂಟನ್‌ನ ಸುಮಾರು 10 ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಭತ್ತದ ಗದ್ದೆ ಮಾಡಲು ಹೊರಟು, ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ, ನೀರು ಮಾತ್ರ ಬಸಿದು ಹೋಯಿತು. 1997ರ ಎಲ್ ನಿನೋ ಬರಗಾಲದಲ್ಲಿ ಬೆಂಕಿ ಬಿದ್ದಾಗ ಮರಗಳ ಜೊತೆಗೆ ನೆಲವೂ ಉರಿಯಿತು. ಆ ವರ್ಷ ಇಂಡೋನೇಷ್ಯಾದಲ್ಲಿ ಪೀಟ್ ಮತ್ತು ಅದರ ಮೇಲಿನ ಗಿಡಮರ ಸುಟ್ಟು 81 ಕೋಟಿಯಿಂದ 257 ಕೋಟಿ ಟನ್ ಇಂಗಾಲ ಹೊರಬಿದ್ದಿರಬಹುದೆಂದು ಸೂಸನ್ ಪೇಜ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಹಾಕಿದರು. ಜಗತ್ತು ವರ್ಷವೊಂದರಲ್ಲಿ ಕಲ್ಲಿದ್ದಲು, ತೈಲ, ಅನಿಲ ಉರಿಸಿ ಹೊರಬಿಡುತ್ತಿದ್ದುದರ ಶೇ 13ರಿಂದ 40ರಷ್ಟು ಅದು.

ನೀರು ಹೋದರೆ ಬೆಂಕಿಯಿಲ್ಲದೆಯೂ ಪೀಟ್ ಏಕೆ ಕರಗುತ್ತದೆ ಎಂಬುದಕ್ಕೆ ವೇಲ್ಸ್‌ನ ಕ್ರಿಸ್ ಫ್ರೀಮನ್ ತಂಡ 2001ರಲ್ಲಿ ಒಂದು ಉತ್ತರ ಕೊಟ್ಟಿತ್ತು. ಜೌಗಿನಲ್ಲಿ ಫೀನಾಲ್ ಎಂಬ ರಾಸಾಯನಿಕಗಳು ಶೇಖರವಾಗಿ ಕೊಳೆಸುವ ಕಿಣ್ವಗಳನ್ನು ತಡೆದಿರುತ್ತವೆ. ಫೀನಾಲನ್ನು ಒಡೆಯುವ ಕಿಣ್ವಕ್ಕೆ ಆಮ್ಲಜನಕ ಬೇಕು. ನೀರಿಳಿದು ಗಾಳಿ ಹೊಕ್ಕರೆ ಅದು ಚುರುಕಾಗುತ್ತದೆ, ತಡೆ ಕಳಚುತ್ತದೆ. ಜೌಗಿನಲ್ಲಿ ನೀರು ಉಳಿಸಿಕೊಂಡರೆ ಅದರಿಂದ, ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಏಳುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಮೀಥೇನ್ ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷದಲ್ಲಿ ಕರಗುವಂಥದ್ದು. ಪೀಟಿನ ಇಂಗಾಲ ಸಾವಿರಾರು ವರ್ಷ ಕೂಡಿಟ್ಟದ್ದು.

ದಾಸ್ತಾನಿನ ಲೆಕ್ಕ ಇನ್ನೂ ಮುಗಿದಿಲ್ಲ. ಕಾಂಗೋ ನದಿ ಕಣಿವೆಯ ನಡುವಣ ಜೌಗು ಕಾಡಿನಲ್ಲಿ ಸುಮಾರು 1.45 ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಮುಕ್ಕಾಲು ಪಾಲಿನಷ್ಟು, ಪೀಟ್ ಇದೆಯೆಂದೂ ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲವಿದೆಯೆಂದೂ ಗ್ರೆಟಾ ಡಾರ್ಗಿ, ಸೈಮನ್ ಲೂಯಿಸ್ ಮೊದಲಾದವರು ಪ್ರಕಟಿಸಿದ್ದು 2017ರಲ್ಲಿ.

ಯುರೋಪಿನಲ್ಲಿ ಪೀಟ್ ತೆಗೆಯುವುದು ನಿಧಾನಕ್ಕೆ ನಿಲ್ಲುತ್ತಿದೆ. ಐರ್ಲೆಂಡಿನ ಸರಕಾರಿ ಸಂಸ್ಥೆ ಬೋರ್ಡ್ ನ ಮೋನಾ 2021ರಲ್ಲಿ ಅದನ್ನು ಕೈಬಿಟ್ಟಿತು. ತೋಟಗಾರಿಕೆಗೆ ಪೀಟಿನ ಬದಲು ಬೇಡಿಕೆ ಪಡೆದ ಸರಕುಗಳಲ್ಲಿ ಒಂದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದಾಗ ಉಳಿಯುವ ಪುಡಿ, ಅಂದರೆ ಕೋಕೋಪೀಟ್. ತಿಪಟೂರಿನಂಥ ತೆಂಗಿನ ಸೀಮೆಯಲ್ಲಿ ಸಿಪ್ಪೆಗೆ ಬರವಿಲ್ಲ. ಕೋಲಾರದ ಕಡೆ ಟೊಮೆಟೊ ನರ್ಸರಿಗಳಲ್ಲಿ ಟ್ರೇಯ ಗುಳಿಗಳಿಗೆ ಅದನ್ನೇ ತುಂಬಿ, ಗುಳಿಗೊಂದು ಬೀಜ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹೊದಿಸುತ್ತಾರೆ. ಮೊಳಕೆ ಕಂಡ ಮೇಲೆ ನೆರಳು ಪರದೆಯಡಿ ಹರಡುತ್ತಾರೆ. ಇದರಿಂದ ಯಾವ ಜೌಗೂ ಹಾಳಾಗುವುದಿಲ್ಲ. ಆದರೆ ಸಿಪ್ಪೆಯಲ್ಲಿ ಉಪ್ಪಿನಂಶವಿರುವುದರಿಂದ ಪುಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಎಳೆ ಸಸಿಯ ಎಲೆಯಂಚು ಸುಡುತ್ತದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಸೀಮೆಯಲ್ಲಿ, ತೊಳೆಯಲು ಬೇಕಾಗುವ ನೀರನ್ನೂ ಕೋಕೋಪೀಟಿನ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕಾಗುತ್ತದೆ.