ಮಗು ಶಾಲೆಯಲ್ಲಿ ಮಾತಾಡುತ್ತಿಲ್ಲ ಅಂತ ಮನೆಯಲ್ಲಿ ಕನ್ನಡ ಬಿಡಬೇಡಿ

ಅಕ್ಟೋಬರ್ ಬಂತೆಂದರೆ ಇಲ್ಲಿ ಬೆಲ್ಜಿಯಂನಲ್ಲಿ ನನ್ನ ಹತ್ತಿರ ಬರುವ ಕನ್ನಡದ ಅಪ್ಪ-ಅಮ್ಮಂದಿರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಶಾಲೆಗೆ ಸೇರಿಸಿ ಒಂದೂವರೆ ತಿಂಗಳಾಯ್ತು, ಅಲ್ಲಿ ಬಾಯೇ ಬಿಡ್ತಿಲ್ವಂತೆ. ಮನೇಲೂ ಡಚ್ ಮಾತಾಡಿದ್ರೆ ಒಳ್ಳೇದು ಅಂತ ಯಾರೋ ಹೇಳಿದ್ರು. ಕನ್ನಡ ಸ್ವಲ್ಪ ದಿನ ನಿಲ್ಲಿಸೋಣ್ವಾ?"

ನಿಲ್ಲಿಸಬೇಡಿ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ಗೊತ್ತು, ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಈಗ ಕೆಲಸ ಬೆಲ್ಜಿಯಂನ ಲ್ಯೂವೆನ್ ಕಡೆ. ಇಲ್ಲಿ ನಮ್ಮನ್ನು ಲೋಗೋಪೆಡಿಸ್ಟ್ ಅನ್ನುತ್ತಾರೆ. ಯೂನಿವರ್ಸಿಟಿ, ಚಿಪ್ ಸಂಶೋಧನೆ, ಸಾಫ್ಟ್‌ವೇರ್ ಅಂತ ಬಂದಿರುವ ನಮ್ಮೂರಿನವರು ಇಲ್ಲಿ ಸಾಕಷ್ಟು ಇದ್ದಾರೆ. ಮಕ್ಕಳು ಕೆಲವರು ಇಲ್ಲೇ ಹುಟ್ಟಿದವರು, ಕೆಲವರು ಎರಡು ವರ್ಷಕ್ಕೆ ವಿಮಾನ ಹತ್ತಿ ಬಂದವರು. ಫ್ಲಾಂಡರ್ಸ್ ಅಂದರೆ ಡಚ್ ಮಾತಾಡುವ ಉತ್ತರ ಭಾಗ, ನಾನು ಹೇಳುವುದೆಲ್ಲ ಇಲ್ಲಿಯದು. ದಕ್ಷಿಣದ ಫ್ರೆಂಚ್ ಕಡೆ ಶಾಲೆಯ ರಜೆಯಿಂದ ಹಿಡಿದು ಎಷ್ಟೋ ನಿಯಮ ಬೇರೆ.

ಫ್ಲಾಂಡರ್ಸ್‌ನಲ್ಲಿ ಎರಡೂವರೆ ವರ್ಷ ತುಂಬಿದ ಮಗು ಶಾಲೆಗೆ ಹೋಗಬಹುದು. ಕಡ್ಡಾಯ ಶುರುವಾಗುವುದು 5 ತುಂಬುವ ವರ್ಷದ ಸೆಪ್ಟೆಂಬರ್‌ನಿಂದ, ಆ ನಿಯಮ ಬಂದದ್ದೂ 2020ರಲ್ಲಿ. ಆದರೂ ಹೆಚ್ಚಿನವರು ಎರಡೂವರೆಗೇ ಕಳಿಸುತ್ತಾರೆ. ಕ್ರೆಶ್‌ಗೆ ದುಡ್ಡು ಕೊಡಬೇಕು, ಶಾಲೆಗೆ ಫೀಸಿಲ್ಲ, ಅಲ್ವಾ? ಆದರೆ ಆ ವಯಸ್ಸನ್ನು ಒಮ್ಮೆ ಯೋಚಿಸಿ. ಡೈಪರ್ ಈಗಷ್ಟೇ ಬಿಟ್ಟಿರುತ್ತದೆ, ಕನ್ನಡದಲ್ಲೇ ಮೂರು ಪದ ಸೇರಿಸಿ ಹೇಳುವುದು ಈಗಷ್ಟೇ ಬಂದಿರುತ್ತದೆ, ಅಷ್ಟರಲ್ಲಿ ಯಾರೂ ತನ್ನ ಮಾತಿಗೆ ತಲೆಯಾಡಿಸದ ಒಂದು ರೂಮಿನಲ್ಲಿ ಬೆಳಗ್ಗೆಯಿಂದ ಮೂರೂವರೆ ತನಕ ಇರಬೇಕು. ಸುಮ್ಮನಾಗದೆ ಇನ್ನೇನು ಮಾಡುತ್ತದೆ?

ನಾವು ಇದನ್ನು ಸೈಲೆಂಟ್ ಪೀರಿಯಡ್ ಅನ್ನುತ್ತೇವೆ. ಕೆಲವರಿಗೆ ಕೆಲವು ವಾರ, ಕೆಲವರಿಗೆ ಹಲವು ತಿಂಗಳು. ಬಾಯಿ ಮುಚ್ಚಿದ್ದರೂ ಕಿವಿ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಮಗು ಮಾತಾಡಿತಾ ಅಂತ ಯುಫ್‌ನ ಕೇಳಬೇಡಿ (ಟೀಚರ್‌ನ ಇಲ್ಲಿ ಮಕ್ಕಳು ಹಾಗೇ ಕರೆಯುವುದು). ಬೇರೆ ಪ್ರಶ್ನೆ ಕೇಳಿ. ಜಾಕೆಟ್ ಹಾಕಿಕೊಳ್ಳಿ ಅಂದರೆ ಎದ್ದು ಹೋಗುತ್ತದಾ? ಹಾಡು ಶುರುವಾದಾಗ ಕೈ ಆಡಿಸುತ್ತದಾ? ಪಕ್ಕದ ಮಗು ಏನು ಮಾಡುತ್ತಿದೆ ಅಂತ ನೋಡುತ್ತದಾ? ಇದಕ್ಕೆಲ್ಲ ಹೌದು ಅಂತ ಬಂದು, ಮನೆಯಲ್ಲಿ ಕನ್ನಡದಲ್ಲಿ ವಟಗುಟ್ಟುತ್ತಿದ್ದರೆ, ಕಾಯಿರಿ. ಬರುತ್ತದೆ.

ಇನ್ನು ಮನೆಯಲ್ಲಿ ಡಚ್ ಮಾತಾಡುವ ವಿಚಾರ. ನಿಮ್ಮ ಡಚ್ ಎಷ್ಟು? ಸಂಜೆ ಕ್ಲಾಸಿನಲ್ಲಿ ಕಲಿತು, ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು. ಆ ಭಾಷೆಯಲ್ಲಿ ನೀವು ಮಗುವಿಗೆ ಕತೆ ಹೇಳಬಲ್ಲಿರಾ, ಮುದ್ದು ಮಾಡಬಲ್ಲಿರಾ, ಯಾಕೆ ಅಳುತ್ತಿದ್ದೀಯ ಕಂದಾ ಅಂತ ಹತ್ತು ಥರ ಕೇಳಬಲ್ಲಿರಾ? ಒಳ್ಳೆಯ ಡಚ್ ಶಾಲೆಯಲ್ಲಿ ಸಿಗುತ್ತದೆ. ಮನೆಯಲ್ಲಿ ನಿಮ್ಮ ಅರೆಬರೆ ಡಚ್ ಸೇರಿಸಿದರೆ ಆ ಕಡೆ ಲಾಭ ಕಡಿಮೆ, ಈ ಕಡೆ ಕನ್ನಡ ಅರ್ಧಕ್ಕೆ ನಿಲ್ಲುತ್ತದೆ. ಕಾರಣ ಹೇಳುವುದು, ಹೋಲಿಸುವುದು, ನಿನ್ನೆ ನಡೆದದ್ದನ್ನು ಇವತ್ತು ಹೇಳುವುದು, ಇದನ್ನೆಲ್ಲ ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದರಲ್ಲಿ ಹೊಸದಾಗಿ ಮೊದಲಿನಿಂದ ಕಲಿಯಬೇಕಿಲ್ಲ, ಆ ಭಾಷೆಯ ಪದಗಳು ಸಿಕ್ಕರೆ ಸಾಕು.

ಆದರೆ ನಾನು ನೋಡುವ ಮನೆಗಳಲ್ಲಿ ನಿಜವಾದ ತೊಂದರೆ ಭಾಷೆ ಯಾವುದು ಅನ್ನುವುದಲ್ಲ. ಮಾತಿಗೆ ಹೊತ್ತೇ ಇಲ್ಲ.

ಒಂದು ದಿನ ಲೆಕ್ಕ ಹಾಕಿ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲರ ಹತ್ತಿರ. ಅಂದರೆ ಮಗುವನ್ನು ಎಬ್ಬಿಸಿ, ತಿನ್ನಿಸಿ, ಬಟ್ಟೆ ಮೇಲೆ ಬಟ್ಟೆ ಹಾಕಿ ಸೈಕಲ್ ಮೇಲೆ ಕೂರಿಸುವುದೆಲ್ಲ ಕತ್ತಲಲ್ಲೇ. ಶಾಲೆ ಮೂರೂವರೆಗೆ ಬಿಡುತ್ತದೆ, ಅಪ್ಪ-ಅಮ್ಮ ಇಬ್ಬರೂ ದುಡಿಯುವವರಾದರೆ ಶಾಲೆಯ ನಂತರದ ಡೇಕೇರ್‌ನಿಂದ ಕರೆತರುವಾಗ ಐದೂವರೆ. ಮತ್ತೆ ಕತ್ತಲು. ಅಡುಗೆ, ಸ್ನಾನ, ಊಟ. ಇಲ್ಲಿಯ ಮಕ್ಕಳು ಏಳೂವರೆ, ಎಂಟಕ್ಕೆಲ್ಲ ಮಲಗಿಬಿಡುತ್ತವೆ, ನಮ್ಮವೂ ಶಾಲೆ ಸೇರಿದ ಮೇಲೆ ಆ ಹೊತ್ತಿಗೆ ತೂಕಡಿಸುತ್ತವೆ. ಉಳಿದದ್ದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಮಗುವಿನ ಕಿವಿಗೆ ಬೀಳುವ ಕನ್ನಡ ಏನು? ಬೇಗ ಬಾ, ಶೂ ಬಿಚ್ಚು, ಕೈ ತೊಳಿ, ತಿನ್ನು, ಬೇಡ, ಮುಟ್ಟಬೇಡ, ಮಲಗು. ಬರೀ ಆರ್ಡರ್. ಇದಕ್ಕೆ ಮಗು ಉತ್ತರ ಕೊಡಬೇಕಾದ್ದೇ ಇಲ್ಲ, ಮಾಡಿದರೆ ಮುಗಿಯಿತು.

ಊರಿನಲ್ಲಾಗಿದ್ದರೆ ಅಜ್ಜಿ, ಚಿಕ್ಕಪ್ಪ, ಮೇಲಿನ ಮನೆ ಆಂಟಿ, ಸೊಪ್ಪು ಮಾರುವವಳು, ಎಲ್ಲರೂ ಮಗುವನ್ನು ಮಾತಾಡಿಸುತ್ತಿದ್ದರು. ನೀವಿಬ್ಬರು ಸುಸ್ತಾಗಿ ಬಾಯಿ ಮುಚ್ಚಿದರೂ ಮಗುವಿಗೆ ಭಾಷೆ ಸಿಗುತ್ತಿತ್ತು. ಇಲ್ಲಿ ಕನ್ನಡಕ್ಕೆ ಇರುವುದು ನಿಮ್ಮ ಎರಡು ಬಾಯಿ ಮಾತ್ರ.

ಹಾಗಂತ ಇನ್ನೊಂದು ಗಂಟೆ ಹುಡುಕಿ, ಪಾಠ ಮಾಡಿ ಅಂತ ನಾನು ಹೇಳುವುದಿಲ್ಲ, ಆ ಗಂಟೆ ನಿಮ್ಮ ಹತ್ತಿರ ಇಲ್ಲ. ಹೇಗೂ ಮಾಡಲೇಬೇಕಾದ ಕೆಲಸದಲ್ಲಿ ಮಾತು ಸೇರಿಸಿ. ಬಾಗಿಲ ಬಳಿ ಸ್ವೆಟರ್, ಜಾಕೆಟ್, ಮಫ್ಲರ್, ಟೋಪಿ, ಕೈಗವಸು ಹಾಕಿಸಲು ದಿನಾ ಹತ್ತು ನಿಮಿಷ ಹೋಗುತ್ತದಲ್ಲ, ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. "ಯಾವ ಕೈ ಮೊದಲು? ಅಯ್ಯೋ, ಬೆರಳು ಎಲ್ಲಿ ಹೋಯ್ತು? ನಿನ್ನೆ ಈ ಟೋಪಿ ಎಲ್ಲಿ ಬಿದ್ದಿತ್ತು ನೆನಪಿದೆಯಾ?" ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ. ಮನಸ್ಸಲ್ಲೇ ಐದು ಎಣಿಸಿ. ನಮ್ಮವರಿಗೆ ಇದೇ ಕಷ್ಟ, ಪ್ರಶ್ನೆನೂ ನಾವೇ, ಉತ್ತರನೂ ನಾವೇ. ಮಗು "ಟೋಪಿ ಬಿತ್ತು" ಅಂದರೆ "ಹೂಂ, ಟೋಪಿ ನೀರಲ್ಲಿ ಬಿತ್ತು, ಒದ್ದೆ ಆಯ್ತು" ಅಂತ ಒಂದೆರಡು ಪದ ಸೇರಿಸಿ ವಾಪಸ್ ಕೊಡಿ. ನಾನು ಕ್ಲಿನಿಕ್‌ನಲ್ಲಿ ಮಾಡುವುದೂ ಮುಕ್ಕಾಲು ಪಾಲು ಇದನ್ನೇ.

ಮಧ್ಯಾಹ್ನದ ಬ್ರೆಡ್ ಡಬ್ಬಿಯೂ ಹಾಗೇ. ಇಲ್ಲಿ ಶಾಲೆಗೆ ಮಕ್ಕಳು ಸಾಮಾನ್ಯವಾಗಿ ಒಯ್ಯುವುದು ಬ್ರೆಡ್ಡು, ಒಂದು ಹಣ್ಣು, ನೀರು. ಚಿತ್ರಾನ್ನ ಕಳಿಸಿದರೆ ಬೈಯುವವರು ಯಾರೂ ಇಲ್ಲ, ಆದರೆ ಬಿಸಿ ಮಾಡಿಕೊಡುವವರೂ ಇರುವುದಿಲ್ಲ. ಹಿಂದಿನ ರಾತ್ರಿ ಮಗುವನ್ನು ಕುರ್ಚಿ ಮೇಲೆ ನಿಲ್ಲಿಸಿ, ಚೀಸ್ ಅದೇ ಇಡಲಿ, ಎರಡು ತುಂಡಾ ನಾಲ್ಕು ತುಂಡಾ ಅದೇ ಹೇಳಲಿ.

ಬುಧವಾರ ಇಲ್ಲಿ ಶಾಲೆ ಅರ್ಧ ದಿನ, ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹೊಸದಾಗಿ ಬಂದವರಿಗೆ ಇದು ತಲೆನೋವು. ನನ್ನ ಕೇಳಿದರೆ ವಾರದಲ್ಲಿ ಅತಿ ಬೆಲೆಬಾಳುವ ಹೊತ್ತು ಅದು. ಒಂದೇ ಕಂಪನಿಯಲ್ಲಿ ವರ್ಷ ತುಂಬಿದ ನೌಕರರಿಗೆ ಪೇರೆಂಟಲ್ ಲೀವ್ ಇದೆ: ಪ್ರತಿ ಮಗುವಿಗೆ, ಅಪ್ಪನಿಗೆ ಬೇರೆ ಅಮ್ಮನಿಗೆ ಬೇರೆ, 4 ತಿಂಗಳು. ಅದನ್ನು ವಾರಕ್ಕೊಂದು ದಿನದಂತೆ ಹಂಚಿದರೆ 20 ತಿಂಗಳು ಬರುತ್ತದೆ, ಮಗುವಿಗೆ 12 ಆಗುವವರೆಗೆ ಬಳಸಬಹುದು. ಸಂಬಳದ ಐದನೇ ಒಂದು ಪಾಲು ಹೋಗುತ್ತದೆ, ಸರ್ಕಾರ ಕೊಡುವ ಭತ್ಯೆ ಅದನ್ನು ಪೂರ್ತಿ ತುಂಬುವುದಿಲ್ಲ. ಆದರೂ ಇಲ್ಲಿಯ ಎಷ್ಟೋ ಅಪ್ಪಂದಿರು ಬುಧವಾರ ಮನೆಯಲ್ಲಿರುತ್ತಾರೆ. ನಮ್ಮ ಅಪ್ಪಂದಿರು ಇದನ್ನು ಕೇಳಲೇ ಹಿಂಜರಿಯುತ್ತಾರೆ, ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಅಂತ. ಏನೂ ಅಂದುಕೊಳ್ಳುವುದಿಲ್ಲ, ಅವರೇ ತೆಗೆದುಕೊಂಡಿರುತ್ತಾರೆ.

ಇನ್ನು ಅಜ್ಜಿಯ ವಿಡಿಯೋ ಕಾಲ್. ಮಗುವಿನ ಮುಖದ ಮುಂದೆ ಫೋನ್ ಹಿಡಿದು "ಅಜ್ಜಿಗೆ ಹಾಯ್ ಹೇಳು, ರೈಮ್ಸ್ ಹೇಳು, ಕೋತಿ ಹೇಗೆ ಮಾಡತ್ತೆ ತೋರ್ಸು" ಅಂತ ಶುರು. ಎರಡು ನಿಮಿಷಕ್ಕೆ ಮಗು ಓಡಿಹೋಗುತ್ತದೆ. ಪರೀಕ್ಷೆ ಯಾರಿಗೆ ಇಷ್ಟ? ಫೋನನ್ನು ಒಂದು ಕಡೆ ಒರಗಿಸಿ ಇಡಿ. ಅಲ್ಲಿ ಅಜ್ಜಿ ಹುರುಳಿಕಾಯಿ ಬಿಡಿಸಲಿ, ಇಲ್ಲಿ ಮಗು ಬ್ಲಾಕ್ಸ್ ಜೋಡಿಸಲಿ. ನಡುನಡುವೆ ಅಜ್ಜಿ "ಏನ್ ಕಟ್ತಿದೀಯ, ನನಗೂ ಒಂದು ರೂಮು ಇದೆಯಾ?" ಅಂತ ಕೇಳಲಿ. ಬೆಲ್ಜಿಯಂನಲ್ಲಿ ಸಂಜೆ ಆರಾದರೆ ಊರಲ್ಲಿ ರಾತ್ರಿ ಹತ್ತೂವರೆ, ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಬೇಸಿಗೆಯಲ್ಲಿ ಒಂಬತ್ತೂವರೆ, ಅಷ್ಟರಲ್ಲಿ ಅಜ್ಜಿಗೆ ನಿದ್ದೆ. ಅದಕ್ಕೇ ಬುಧವಾರ ಮಧ್ಯಾಹ್ನ ಇಟ್ಟುಕೊಳ್ಳಿ ಅನ್ನುವುದು.

ಒಂದು ಮಾತು ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕನ್ನಡ ಬಿಡಬೇಕಾ ಅಂತ ಕೇಳುವ ಎಷ್ಟೋ ಮನೆಗಳಲ್ಲಿ ಮಗುವಿನ ಜೊತೆ ನಡೆಯುತ್ತಿರುವುದು ಕನ್ನಡವೇ ಅಲ್ಲ. "ವಾಟರ್ ಬೇಕಾ, ಸಿಟ್ ಡೌನ್, ಗುಡ್ ಬಾಯ್ ಅಲ್ವಾ." ಗಂಡ-ಹೆಂಡತಿ ಕನ್ನಡದಲ್ಲಿ ಜಗಳವಾಡುತ್ತಾರೆ, ಮಗುವಿನ ಕಡೆ ತಿರುಗಿದ ಕೂಡಲೇ ಇಂಗ್ಲಿಷ್. ಬೆಂಗಳೂರಿನಲ್ಲಿ ಪ್ಲೇ ಹೋಮ್ ಸೀಟಿಗೆ ಮಾಡಿದ ಅಭ್ಯಾಸ ಅದು, ಇಲ್ಲಿ ಅದರಿಂದ ಪ್ರಯೋಜನ ಇಲ್ಲ. ಶಾಲೆಯ ಭಾಷೆ ಇಂಗ್ಲಿಷ್ ಅಲ್ಲ. ಏನಾದರೂ ಕಡಿಮೆ ಮಾಡಲೇಬೇಕು ಅಂತಿದ್ದರೆ ಮೊದಲು ಆ ಇಂಗ್ಲಿಷ್ ಕಡಿಮೆ ಮಾಡಿ. ಫ್ಲಾಂಡರ್ಸ್‌ನಲ್ಲಿ ಸಿನಿಮಾ, ಸೀರಿಯಲ್‌ಗಳನ್ನು ಡಬ್ ಮಾಡುವುದು ಕಡಿಮೆ, ಸಬ್‌ಟೈಟಲ್ ಹಾಕಿ ಇಂಗ್ಲಿಷ್‌ನಲ್ಲೇ ತೋರಿಸುತ್ತಾರೆ, ಇಲ್ಲಿ ಬೆಳೆದ ಮಕ್ಕಳಿಗೆ ದೊಡ್ಡವರಾಗುತ್ತಾ ಅದು ತಾನಾಗಿ ಬರುತ್ತದೆ. ಅಮ್ಮ ತುಳು, ಅಪ್ಪ ಕನ್ನಡ ಅನ್ನುವ ಮನೆಗಳಲ್ಲಿ ಒಂದು ಭಾಷೆ ಕಡಿಮೆ ಮಾಡುವ ಈ ಮಾತು ಅನ್ವಯಿಸುವುದಿಲ್ಲ. ಎರಡೂ ಆಡಿ, ಬೆರೆಸಿದರೂ ಚಿಂತೆಯಿಲ್ಲ.

ಊಟದ ಹೊತ್ತಿನ ಫೋನ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲವು ಮಕ್ಕಳು ನನ್ನ ರೂಮಿಗೆ ಬಂದು ಒಂದರಿಂದ ಇಪ್ಪತ್ತು, ಎಲ್ಲ ಬಣ್ಣ, ಎಲ್ಲ ಆಕಾರ ಅಮೆರಿಕನ್ ಉಚ್ಚಾರಣೆಯಲ್ಲಿ ಹೇಳುತ್ತವೆ. ಬಾಯಾರಿದರೆ ಮಾತ್ರ ನನ್ನ ಕೈ ಹಿಡಿದು ಬಾಟಲಿ ಹತ್ತಿರ ಎಳೆದುಕೊಂಡು ಹೋಗುತ್ತವೆ. ಯೂಟ್ಯೂಬ್ ಪದ ಕಲಿಸುತ್ತದೆ, ಕೇಳುವುದನ್ನು ಕಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಆಮೇಲೆ ಐದರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು. ಶಾಲೆಯಲ್ಲಿ ನಿಮ್ಮ ಮಗು ತಾನೇ ಕೈಯಲ್ಲಿ ಬ್ರೆಡ್ ಹಿಡಿದು ತಿನ್ನುತ್ತದೆ. ಮನೆಯಲ್ಲಿ ಯಾಕೆ ಹಿಂದೆ ಹಿಂದೆ ಓಡಿ, ಫೋನ್ ತೋರಿಸಿ ತುತ್ತು ತುರುಕಬೇಕು?

ಹಾಗಾದರೆ ಯಾವಾಗ ನಿಜವಾಗಿ ಹೆದರಬೇಕು? ಒಂದು ವರ್ಷ ದಾಟಿ ಕೆಲವು ತಿಂಗಳಾದರೂ ಬೆರಳು ತೋರಿಸುವುದಿಲ್ಲ, ಹೆಸರು ಕೂಗಿದರೆ ತಿರುಗುವುದಿಲ್ಲ. ಎರಡು ತುಂಬಿದರೂ ಎರಡು ಪದ ಸೇರಿಸುವುದಿಲ್ಲ. ಆಡುತ್ತಿದ್ದ ಮಾತು ನಿಂತುಹೋಯಿತು, ಇದಾದರೆ ವಯಸ್ಸು ನೋಡದೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಪದ ಎಣಿಸುವಾಗ ಎಲ್ಲ ಭಾಷೆ ಸೇರಿಸಿ ಎಣಿಸಿ. ಕನ್ನಡದ ಹತ್ತು, ಕ್ರೆಶ್‌ನಿಂದ ತಂದ ಡಚ್‌ನ ಹತ್ತು ಅಂದರೆ ಮಗುವಿಗೆ ಇಪ್ಪತ್ತು ಪದ ಗೊತ್ತು. ಮುಖ್ಯ ಗುರುತು ಇದು: ಶಾಲೆಯಲ್ಲಿ ಮಾತ್ರ ಸುಮ್ಮನಿದ್ದರೆ ಹೊಸ ಭಾಷೆಯ ಮಾತು, ಮನೆಯ ಭಾಷೆಯಲ್ಲೂ ಹಿಂದಿದ್ದರೆ ನೋಡಬೇಕಾದ ಮಾತು. ಎರಡು ಭಾಷೆ ಇರುವುದರಿಂದ ಹೀಗಾಗಿದೆ, ತಾನೇ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮತ್ತೆ ಕಿವಿ. ಎಲ್ಲಕ್ಕಿಂತ ಮೊದಲು ಕಿವಿ. ಫ್ಲಾಂಡರ್ಸ್‌ನಲ್ಲಿ ತಾಯಿ-ಮಗುವಿನ ಆರೈಕೆ ನೋಡುವ ಕಿಂಡ್ ಎನ್ ಗೆಜಿನ್ 1998ರಿಂದಲೇ ಹಸುಗೂಸುಗಳಿಗೆಲ್ಲ ಶ್ರವಣ ಪರೀಕ್ಷೆ ಮಾಡುತ್ತದೆ. ಹಾಗಾಗಿ "ಹುಟ್ಟಿದಾಗಲೇ ಪಾಸಾಗಿದೆ ಮೇಡಂ" ಅನ್ನುತ್ತಾರೆ. ಅದು ಆವತ್ತಿನ ಕಿವಿ. ಕ್ರೆಶ್ ಅಥವಾ ಶಾಲೆ ಸೇರಿದ ಮೊದಲ ಚಳಿಗಾಲದಲ್ಲಿ ಮೂಗು ಸೋರುವುದು ನಿಲ್ಲುವುದೇ ಇಲ್ಲ. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಅಡ್ಡಡ್ಡ. ಅದು ಕಟ್ಟಿಕೊಂಡು ಕಿವಿತಮಟೆಯ ಹಿಂದೆ ನೀರು ನಿಲ್ಲುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಜ್ವರವೂ ಇಲ್ಲ. ನೀರಲ್ಲಿ ಮುಳುಗಿ ಮಾತು ಕೇಳಿದ ಹಾಗೆ ಮಗುವಿಗೆ ಕೇಳುತ್ತಿರುತ್ತದೆ, ನೀವು ಹಟ ಅಂದುಕೊಳ್ಳುತ್ತೀರಿ. ಟಿವಿ ಹತ್ತಿರ ಹೋಗಿ ನಿಲ್ಲುತ್ತದೆ, ಹಿಂದಿನಿಂದ ಕರೆದರೆ ಓಗೊಡುವುದಿಲ್ಲ ಅಂದರೆ ಮನೆ ಡಾಕ್ಟರಿಗೆ ಹೇಳಿ, ಅವರು ಇಎನ್‌ಟಿಗೆ ಕಳಿಸುತ್ತಾರೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ, ಇಳಿಯದಿದ್ದರೆ ಸಣ್ಣ ಟ್ಯೂಬ್ ಹಾಕುವುದೂ ಉಂಟು. ಊರಿಂದ ಫೋನ್‌ನಲ್ಲಿ ಬರುವ ಬಿಸಿ ಎಣ್ಣೆಯ ಸಲಹೆಗೆ ಹೂಂ ಅನ್ನಿ, ಎಣ್ಣೆ ಮಾತ್ರ ಬಿಡಬೇಡಿ.

ಐದನೇ ವರ್ಷದ ಪರೀಕ್ಷೆಗೆ ಈಗಲೇ ಹೆದರುವವರಿದ್ದಾರೆ. ಕೋಆಲಾ ಅಂತ ಅದರ ಹೆಸರು, 2021ರಿಂದ ಮೂರನೇ ಶಿಶುವರ್ಗದಲ್ಲಿ ಎಲ್ಲ ಮಕ್ಕಳಿಗೂ ಇದೆ. ಡಚ್ ಕೇಳಿ ಅರ್ಥ ಮಾಡಿಕೊಳ್ಳುತ್ತದಾ ಅಂತ ನೋಡುತ್ತಾರೆ, ಸಾಲದಿದ್ದರೆ ಶಾಲೆಯೇ ಹೆಚ್ಚಿನ ಸಹಾಯ ಕೊಡಬೇಕು. ಟ್ಯೂಷನ್ ಹುಡುಕಬೇಡಿ. ಡಚ್ ಹೆಚ್ಚಬೇಕೆಂದರೆ ಕ್ಲಾಸಿನ ಒಂದು ಮಗುವನ್ನು ಮನೆಗೆ ಆಡಲು ಕರೆಯಿರಿ, ಲೈಬ್ರರಿಗೆ ಹೋಗಿ. ಅಲ್ಲಿಂದ ತಂದ ಡಚ್ ಚಿತ್ರಪುಸ್ತಕದ ಕತೆಯನ್ನು ಧಾರಾಳವಾಗಿ ಕನ್ನಡದಲ್ಲಿ ಹೇಳಿ, ಚಿತ್ರಕ್ಕೆ ಭಾಷೆ ಇಲ್ಲ.

ಇನ್ನೂ ಶಾಲೆಗೆ ಸೇರಿಸದವರು ಮೊದಲ ದಿನವೇ ಯುಫ್ ಕೈಗೆ ಒಂದು ಚೀಟಿ ಕೊಡಿ. ನೀರು, ಸುಸ್ಸು, ಕಕ್ಕ, ನೋವು, ಬೇಡ, ಅಮ್ಮ ಬರ್ತಾಳೆ. ಇಷ್ಟನ್ನು ಅವರು ಓದುವ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಡಚ್ ಅರ್ಥ ಹಾಕಿ, ಕರೆಯುವ ಹೆಸರಿನ ಉಚ್ಚಾರಣೆಯನ್ನೂ ಬರೆಯಿರಿ. ಉಚ್ಚಾರಣೆ ಗೊಂದಲವಾಗುವ ಹಾಗಿದ್ದರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ. ಮೊದಲ ವಾರ ಮಗು ಚಡ್ಡಿ ಒದ್ದೆ ಮಾಡಿಕೊಳ್ಳುವುದು ಎಷ್ಟೋ ಸಲ ಸುಸ್ಸು ಅಂದದ್ದು ಅಲ್ಲಿ ಯಾರಿಗೂ ತಿಳಿಯದ್ದರಿಂದ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆಯೂ ಇರಲಿ, ಎಲ್ಲದರ ಮೇಲೂ ಹೆಸರು ಬರೆದು.